ಹುಣಸೆ ತಿರುವಿನ ನಲವತ್ತೊಂದು ಸೆಕೆಂಡು

ಸ್ವಲ್ಪ ಕಾಯಬೇಕು ನೀವು. ಕಾರು ಬರುತ್ತದೆ, ಗುದ್ದುತ್ತದೆ, ಜನ ಕಲ್ಲು ಎತ್ತಿಕೊಳ್ಳುತ್ತಾರೆ, ನನ್ನ ದವಡೆ ಮುರಿಯುತ್ತದೆ. ಎಲ್ಲ ಇದೆ. ಆದರೆ ಅದಕ್ಕೆ ಮೊದಲು ಒಂದು ಅಟ್ಟಣೆ, ನಾಲ್ಕು ಸ್ಪೀಕರು, ಒಂದು ಸ್ಟಾಪ್‌ವಾಚು ಇವುಗಳ ವಿಷಯ ಹೇಳದೆ ಹೋದರೆ ಆ ಏಟು ಯಾರಿಗೆ ಬೀಳಬೇಕಿತ್ತು, ಯಾರಿಗೆ ಬಿತ್ತು ಎನ್ನುವುದು ತಿಳಿಯುವುದಿಲ್ಲ. ಅಲ್ಲಿಯವರೆಗೆ ಕಾಯಿರಿ.

ಚೀನಾ ಯುದ್ಧ ಮುಗಿದ ಮೇಲಿನ ಬೇಸಿಗೆ. ಜಯನಗರದ ಕೊನೆಯ ಅಂಚಿನಲ್ಲಿ ಆಗ ರಸ್ತೆ ಇತ್ತು, ಮನೆ ಇರಲಿಲ್ಲ. ಅಗಲವಾದ ಡಾಂಬರು ಬೀದಿಗಳು, ಎರಡೂ ಕಡೆ ಸೈಟು ಅಳೆದು ನೆಟ್ಟ ಕಲ್ಲುಗಳು, ಅಲ್ಲೊಂದು ಇಲ್ಲೊಂದು ಅರ್ಧ ಎದ್ದ ಗೋಡೆ. ಒಂದು ಮೋಟಾರು ಕ್ಲಬ್ಬಿನವರು ಮೂರು ಬೀದಿಗಳನ್ನು ಸೇರಿಸಿ ತ್ರಿಕೋನ ಮಾಡಿ, ಭಾನುವಾರ ಕಾರ್ ರೇಸ್ ಇಟ್ಟುಕೊಂಡರು. ಒಂದು ಸುತ್ತು ಸುಮಾರು ಒಂದೂಕಾಲು ಮೈಲಿ. ಮೂಲೆಗಳಿಗೆ ಹುಲ್ಲಿನ ಪೆಂಡಿ, ಮರಳಿನ ಚೀಲ. ಜನ ಒಳಗೆ ಬಾರದಂತೆ ಹಗ್ಗ. ಕಾಮೆಂಟ್ರಿ ನನ್ನದು.

ನಾನು ತಿಲಕ್ ನಗರದ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಕಾಮೆಂಟ್ರಿ ಯಾರೂ ಕಲಿಸಿದ್ದಲ್ಲ. ರಿಪೇರಿಗೆ ಬಂದ ಸೆಟ್ಟುಗಳಲ್ಲಿ ಕ್ರಿಕೆಟ್ ಕಾಮೆಂಟ್ರಿ ಕೇಳಿ ಕೇಳಿ, ಆ ಇಂಗ್ಲಿಷಿನ ಓಟವನ್ನು ಕನ್ನಡದಲ್ಲಿ ಓಡಿಸಲು ಕಲಿತಿದ್ದೆ. ಅಂಗಡಿ ಬಾಗಿಲಲ್ಲಿ ನಿಂತು ಬಸ್ಸು, ಸೈಕಲ್ಲು, ಎಮ್ಮೆ ಎಲ್ಲಕ್ಕೂ ಕಾಮೆಂಟ್ರಿ ಹೇಳುತ್ತಿದ್ದೆ. ಅಂಗಡಿ ಯಜಮಾನರು ಮೈಕ್ ಸೆಟ್ ಬಾಡಿಗೆಗೂ ಕೊಡುತ್ತಿದ್ದರು. ಹಾಗೆ ಕ್ಲಬ್ಬಿನ ಕಾರ್ಯದರ್ಶಿಗಳ ಕಿವಿಗೆ ಬಿದ್ದೆ.

"ದೆಹಲೀಲಿ ಟೆಲಿವಿಷನ್ ಬಂದಿದೆಯಂತಪ್ಪ," ಎಂದರು ಅವರು. "ನಮ್ ಜನಕ್ಕೆ ನೀನೇ ಟೆಲಿವಿಷನ್ನು. ರೇಸು ಪೂರ್ತಿ ಕಣ್ಮುಂದೆ ಬರ್ಬೇಕು ಅವ್ರಿಗೆ."

ಆ ಮಾತು ತಲೆಗೆ ಏರಿಬಿಟ್ಟಿತು.

ಸರ್ವೆ ಮರದ ಕಂಬಗಳನ್ನು ತೆಂಗಿನ ಹಗ್ಗದಲ್ಲಿ ಬಿಗಿದು ಎರಡಾಳು ಎತ್ತರದ ಅಟ್ಟಣೆ ಕಟ್ಟಿಸಿದರು. ಮೇಲೆ ಒಂದು ಹಲಗೆ, ಒಂದು ಸ್ಟೂಲು, ನಾನು, ಮೈಕು. ಕೆಳಗೆ ಕಾರಿನ ಬ್ಯಾಟರಿಗೆ ಸಿಕ್ಕಿಸಿದ, ಗಾಜಿನ ವಾಲ್ವುಗಳ ಆಂಪ್ಲಿಫೈಯರ್. ಅದರ ಪಕ್ಕ ಯಜಮಾನರು. ನಾಲ್ಕು ಸ್ಪೀಕರುಗಳಲ್ಲಿ ಮೂರು ಹತ್ತಿರದಲ್ಲೇ ಇದ್ದವು. ನಾಲ್ಕನೆಯದು ಹಿಂಭಾಗದಲ್ಲಿ, ಒಂದು ಹಳೆಯ ಹುಣಸೆ ಮರದ ಕೊಂಬೆಗೆ ಕಟ್ಟಿದ್ದು. ಅಷ್ಟು ದೂರ ತಂತಿ ಎಳೆದರೆ ಸದ್ದು ಸೋರಿಹೋಗುತ್ತದೆ. ಶನಿವಾರ ಇಡೀ ಬೆಳಿಗ್ಗೆ ಒದ್ದಾಡಿ ಎರಡು ತುದಿಗೂ ಲೈನ್ ಟ್ರಾನ್ಸ್‌ಫಾರ್ಮರ್ ಹಾಕಿದೆ. ಆಮೇಲೆ ನೋಡಿ, ಆ ಸ್ಪೀಕರಿನಲ್ಲಿ ನಾನು ಉಸಿರೆಳೆದರೂ ಕೇಳುತ್ತಿತ್ತು. ಅಷ್ಟು ಚೆನ್ನಾಗಿ ಕೇಳಿಸದೆ ಇದ್ದಿದ್ದರೆ ಎಂದು ಆಮೇಲೆ ಎಷ್ಟು ಸಲ ಅಂದುಕೊಂಡಿದ್ದೇನೋ.

ಒಂದು ತೊಂದರೆ ಇತ್ತು. ಅಟ್ಟಣೆಯಿಂದ ಶುರುವಿನ ಬೀದಿ ಕಾಣುತ್ತಿತ್ತು, ಮೊದಲ ತಿರುವು ಕಾಣುತ್ತಿತ್ತು. ಅದನ್ನು ದಾಟಿದ ಮೇಲೆ ಕಾರುಗಳು ಅರ್ಧ ಕಟ್ಟಿದ ಮನೆಗಳ ಹಿಂದೆ ಹೋಗಿ, ಹುಣಸೆ ಮರದ ಹತ್ತಿರ ತಿರುಗಿ, ಕೊನೆಯ ಮೂಲೆಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಿದ್ದವು. ಶನಿವಾರದ ಪ್ರಾಕ್ಟೀಸಿನಲ್ಲಿ ವಾಚು ಹಿಡಿದು ನೋಡಿದೆ. ಮರೆಯಾಗಿ ಇಪ್ಪತ್ತೆರಡನೇ ಸೆಕೆಂಡಿಗೆ ಹುಣಸೆ ತಿರುವು. ನಲವತ್ತೊಂದಕ್ಕೆ ಮತ್ತೆ ಕಣ್ಣಿಗೆ. ಒಳ್ಳೆಯ ಡ್ರೈವರುಗಳು ಒಂದು ಸೆಕೆಂಡೂ ಆಚೀಚೆ ಆಗುತ್ತಿರಲಿಲ್ಲ.

ಹುಣಸೆ ತಿರುವು ದಾಟಿದ ಕೂಡಲೆ ಊರಿನವರ ಕಾಲುದಾರಿ ನಮ್ಮ ಟ್ರ್ಯಾಕಿಗೆ ಅಡ್ಡ ಬರುತ್ತಿತ್ತು. ಬಡಾವಣೆ ಬರುವ ಮೊದಲಿನ ದಾರಿ. ಅದರ ಆಚೆ ಕೊಟ್ಟಿಗೆಗಳು, ಈಚೆ ಮನೆಗಳು. ದಿನವಿಡೀ ದಾರಿ ಮುಚ್ಚಲು ಊರಿನವರು ಒಪ್ಪಲಿಲ್ಲ. ಕೊನೆಗೆ ಆದ ಒಪ್ಪಂದ ಇದು: ದಾರಿಯ ಎರಡು ಪಕ್ಕ ಹಗ್ಗ, ಹಗ್ಗಕ್ಕೆ ಕ್ಲಬ್ಬಿನ ಆಳುಗಳು. ಕಾರುಗಳ ಗುಂಪು ಹೋದ ಮೇಲೆ ಹಗ್ಗ ಎತ್ತಿ ಜನರನ್ನು ದಾಟಿಸುವುದು. ಆದರೆ ಅಲ್ಲಿ ನಿಂತವರಿಗೆ ತಿರುವಿನ ಆಚೆ ಏನೂ ಕಾಣುವುದಿಲ್ಲ. ಆದ್ದರಿಂದ ನಾನು ಸ್ಪೀಕರಿನಲ್ಲಿ "ಹುಣಸೆ ತಿರುವು ಖಾಲಿ" ಎಂದಾಗ ಮಾತ್ರ ಹಗ್ಗ ಎತ್ತಬೇಕು. ನನಗಾದರೂ ಹೇಗೆ ಗೊತ್ತಾಗುತ್ತದೆ? ಅದಕ್ಕೆ ಮಿಲಿಟರಿಯವರು ಮಾರಿದ ಹಳೆಯ ಟೆಲಿಫೋನು ಎರಡು ತಂದಿದ್ದರು. ಒಂದು ಅಟ್ಟಣೆಯ ಮೇಲೆ, ಇನ್ನೊಂದು ತಿರುವಿನ ಆಚೆ ನಿಂತ ಬಾವುಟದವನ ಹತ್ತಿರ.

ಶನಿವಾರ ಮರಕ್ಕೆ ಸ್ಪೀಕರ್ ಕಟ್ಟುವಾಗ ಸೈಕಲ್ಲಿಗೆ ಎರಡು ಕ್ಯಾನು ನೇತುಹಾಕಿಕೊಂಡು ಹಾಲಿನ ಗೌಡರು ಬಂದರು. ಐವತ್ತರ ಮೇಲಿನ ವಯಸ್ಸು. ನಾವು ನಿಂತಿದ್ದದ್ದು ಅವರದೇ ಹೊಲವಾಗಿದ್ದ ನೆಲ.

"ಏನ್ ಸ್ವಾಮಿ, ನಮ್ ರಾಗಿ ಹೊಲ ತಗಂಡ್ರಿ. ಈಗ ಕಾರ್ ಬಿತ್ತನೆ ಮಾಡ್ತಿದೀರಾ?"

"ಒಂದೇ ದಿನ ಗೌಡ್ರೇ. ನಾಳೆ ಸಾಯಂಕಾಲಕ್ಕೇ ಕೊಯ್ಲು."

"ನಿನ್ ಕೊಯ್ಲು ಇರ್ಲಿ. ಮೂರು ಗಂಟೆಗೆ ನಾನು ಹಾಲು ಕರೀಬೇಕು. ಜಯನಗರದ ಅಮ್ಮೋರು ನಿಮ್ ರೇಸು ಮುಗಿಯೋಗಂಟ ಕಾಫಿಗೆ ಕಾಯ್ತಾರಾ?"

"ಈ ಸ್ಪೀಕರ್ ಕೇಳ್ತಾ ಇರಿ. ತಿರುವು ಖಾಲಿ ಅಂತ ನಾನಂದ ತಕ್ಷಣ ದಾಟಿಬಿಡಿ."

"ನೀನು ಅಂದ್ರೆ ದಾಟ್ಬೋದು?"

"ನಾನು ಅಂದ್ರೆ ದಾಟಿ."

ಭಾನುವಾರ ಬೆಳಿಗ್ಗೆ ಟೆಲಿಫೋನು ಸತ್ತಿತ್ತು. ಯಾವುದೋ ಎತ್ತಿನ ಗಾಡಿಯ ಕಬ್ಬಿಣದ ಪಟ್ಟಿ ತಂತಿಯನ್ನು ಎರಡು ಕಡೆ ಕತ್ತರಿಸಿತ್ತು. ಸುಲಿದು ಜೋಡಿಸಿದೆ, ಬರಲಿಲ್ಲ. ಬ್ಯಾಟರಿ ಬದಲಾಯಿಸಿದೆ, ಬರಲಿಲ್ಲ. ಕಾರ್ಯದರ್ಶಿಗಳು ಅಟ್ಟಣೆಯ ಕೆಳಗೆ ನಿಂತು ಬೆವರು ಒರೆಸಿಕೊಂಡರು.

"ಹಾಗಾದ್ರೆ ಹಿಂದುಗಡೇದು ಬಿಟ್ಬಿಡು. ಕಂಡಷ್ಟು ಹೇಳು. ದಾರಿ ಮುಚ್ಚೇಬಿಡೋಣ, ಊರೋರು ಏನ್ ಬೇಕಾದ್ರೂ ಬೈಕೊಳ್ಳಲಿ."

ಅಲ್ಲಿಗೆ ಸುಮ್ಮನಿರಬೇಕಿತ್ತು ನಾನು. ಮುಕ್ಕಾಲು ನಿಮಿಷ ಬಾಯಿ ಮುಚ್ಚಿ ಕೂರುವ ಟೆಲಿವಿಷನ್ನು ಎಂಥ ಟೆಲಿವಿಷನ್ನು ಅನ್ನಿಸಿತು.

"ಬೇಡ ಸಾರ್, ವಾಚಲ್ಲಿ ಮ್ಯಾನೇಜ್ ಮಾಡ್ತೀನಿ. ಸೆಕೆಂಡ್ ಲೆಕ್ಕ ನನ್ ಬಾಯಲ್ಲಿದೆ."

"ಗ್ಯಾರಂಟೀನಾ?"

"ಗ್ಯಾರಂಟಿ ಸಾರ್."

ಮಧ್ಯಾಹ್ನದವರೆಗೆ ಮೋಟಾರ್‌ಸೈಕಲ್ ರೇಸುಗಳು. ನಾನು ಕಂಡದ್ದನ್ನು ಕಂಡ ಹಾಗೆ, ಕಾಣದ್ದನ್ನು ಇನ್ನೂ ಚೆನ್ನಾಗಿ ಹೇಳಿದೆ. ಮರೆಯಲ್ಲಿ ಹೋದ ಗಾಡಿಗಳು ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಹೋದವು, ಒಂದನ್ನೊಂದು ಹಿಂದೆ ಹಾಕಿದವು, ಎಲ್ಲ ನನ್ನ ಬಾಯಲ್ಲಿ. ಇಪ್ಪತ್ತೆರಡಕ್ಕೆ "ಹುಣಸೆ ತಿರುವು ಖಾಲಿ" ಎಂದೆ, ನಲವತ್ತೊಂದಕ್ಕೆ ಗಾಡಿಗಳು ಹೇಳಿದ ಮಾತಿನಂತೆ ಹೊರಗೆ ಬಂದವು. ಜನ ಕೇಕೆ ಹಾಕಿದರು. ಹಗ್ಗ ಹತ್ತಾರು ಸಲ ಎದ್ದಿತು, ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. ಆ ಬೆಳಗ್ಗೆಯೇ ನನ್ನನ್ನು ಕೆಡಿಸಿದ್ದು.

ಮೂರೂವರೆಗೆ ಕಾರುಗಳ ರೇಸು. ಆರು ಕಾರು, ಹನ್ನೆರಡು ಸುತ್ತು. ಏಳನೇ ನಂಬರಿನವನು ಬನಶಂಕರಿ ಕಡೆಯ ಗ್ಯಾರೇಜಿನ ಮೆಕ್ಯಾನಿಕ್. ಗುಜರಿಗೆ ಹೋಗಬೇಕಿದ್ದ ಕಾರನ್ನು ತಾನೇ ಬಿಚ್ಚಿ ಕಟ್ಟಿ ತಂದಿದ್ದ. ಹೊರಡುವ ಮೊದಲು ಅಟ್ಟಣೆಯ ಕೆಳಗೆ ಬಂದು ತಲೆ ಎತ್ತಿದ.

"ಗುರು, ನನ್ ನಂಬರ್ರು ಒಂದ್ನಾಲ್ಕು ಸಲ ಜಾಸ್ತಿ ಕೂಗು. ಮಾವ ಬಂದವ್ರೆ ನೋಡಕ್ಕೆ. ಅಳಿಯ ಗ್ರೀಸಲ್ಲೇ ಸಾಯ್ತಾನೆ ಅನ್ಕಂಡವ್ರೆ."

ಬಾವುಟ ಬಿತ್ತು. ನಾಲ್ಕು ಸುತ್ತಿಗೆ ಮೂರನೇ ನಂಬರು ಮತ್ತು ಏಳನೇ ನಂಬರು ಮುಂದೆ ಹೋಗಿಬಿಟ್ಟವು. ಉಳಿದ ನಾಲ್ಕು ಅರ್ಧ ಸುತ್ತು ಹಿಂದೆ. ಏಳು ಪ್ರತಿ ಸುತ್ತಿನಲ್ಲೂ ಮೂರರ ಹಿಂದಿನ ಬಂಪರಿಗೆ ಮೂಗು ತಾಗಿಸುತ್ತಿತ್ತು. ಒಂದು ಸಲ ತಾಗಿಯೇ ತಾಗಿತು. ತಗಡು ಕಿತ್ತು ರಸ್ತೆಯ ಮೇಲೆ ಕಿಡಿ ಹಾರಿಸಿಕೊಂಡು ಹೋಯಿತು. ಟೈರು ಸುಟ್ಟ ವಾಸನೆ ಅಟ್ಟಣೆಯವರೆಗೆ. ನನ್ನ ಗಂಟಲು ಹರಿದುಹೋಗಿತ್ತು, ಆದರೂ ನಿಲ್ಲಿಸಲಿಲ್ಲ. ಅಷ್ಟು ಖುಷಿ ನನಗೆ ಜೀವನದಲ್ಲಿ ಆಗಿರಲಿಲ್ಲ.

ಎಂಟನೇ ಸುತ್ತು. ಎರಡೂ ಒಟ್ಟಿಗೆ ಮರೆಯಾದವು. ವಾಚು ಒತ್ತಿದೆ. ಇಪ್ಪತ್ತೆರಡು.

"ಮೂರು ಹೋಯ್ತು, ಅದರ ಬೆನ್ನಿಗೇ ಏಳು ಹೋಯ್ತು, ಹುಣಸೆ ತಿರುವು ಖಾಲಿ!"

ಇನ್ನು ಮುಂದಿನ ಕೆಲವು ಸಾಲು ನಾನು ನೋಡಿದ್ದಲ್ಲ. ಹಗ್ಗದವನು, ಬಾವುಟದವನು ಆಮೇಲೆ ಹೇಳಿದ್ದು. ತಿರುವಿನ ಸ್ವಲ್ಪ ಮೊದಲು ಸಡಿಲ ಜಲ್ಲಿಯ ಮೇಲೆ ಏಳನೇ ನಂಬರು ಜಾರಿ, ಗಿರ್ರನೆ ತಿರುಗಿ, ಇಂಜಿನ್ ನಿಂತುಹೋಗಿತ್ತು. ಬಾವುಟದವನು ಬಾವುಟ ಬಿಟ್ಟು ಅದನ್ನು ತಳ್ಳಲು ಓಡಿದ್ದ. ತಿರುವಿನ ಈಚೆ ಹಗ್ಗದವನು ಒಂದೇ ಕಾರು ಕಂಡಿದ್ದರೂ ನನ್ನ ಮಾತು ನಂಬಿ ಹಗ್ಗ ಎತ್ತಿದ. ನಾಲ್ಕೈದು ಜನ ದಾಟಿದರು. ಕೊನೆಗೆ ಹಾಲಿನ ಗೌಡರು, ತುಂಬಿದ ಕ್ಯಾನುಗಳ ಸೈಕಲ್ಲು ತಳ್ಳಿಕೊಂಡು, ನಿಧಾನವಾಗಿ. ಅಷ್ಟರಲ್ಲಿ ತಿರುವಿನ ಆಚೆ ತಳ್ಳಿದ ಕಾರಿನ ಇಂಜಿನ್ ಮತ್ತೆ ಹತ್ತಿಕೊಂಡಿತು.

ನಾನು ನೋಡಿದ್ದು ಇದು. ನಲವತ್ತೊಂದಕ್ಕೆ ಮೂರನೇ ನಂಬರು ಹೊರಗೆ ಬಂತು. ಒಂಟಿಯಾಗಿ.

ಆ ಕ್ಷಣದಲ್ಲಿ ನನಗೆ ಗೊತ್ತಾಯಿತು. ಏಳು ಇನ್ನೂ ಒಳಗಿದೆ. ಖಾಲಿ ಎಂದು ನಾನು ಹೇಳಿದ ಕಡೆ ಅದು ಇದೆ. ಮೈಕು ಬಾಯಿಯ ಮುಂದೆಯೇ ಇತ್ತು. "ನಿಲ್ಲಿ" ಎಂದಿದ್ದರೆ ಸಾಕಿತ್ತು. ಆದರೆ ಸಾವಿರಾರು ಜನ ನನ್ನ ಕಡೆ ತಲೆ ಎತ್ತಿದ್ದರು. ಸುಳ್ಳು ಹೇಳಿದ್ದು ಗೊತ್ತಾಗುತ್ತದಲ್ಲ ಎಂಬ ನಾಚಿಕೆ ಮೊದಲು ಬಂತು, ಬುದ್ಧಿ ಆಮೇಲೆ.

"ಏಳನೇ ನಂಬರ್ ಎಲ್ಲಿ? ದಾರೀಲಿ ಕಾಫಿಗೆ ನಿಂತ್ಕೊಂಡಿರಬೇಕು!" ಎಂದೆ.

ಜನ ನಕ್ಕರು. ನಗು ಮುಗಿಯುವ ಮೊದಲು ಹುಣಸೆ ಮರದ ಕಡೆಯಿಂದ ಸದ್ದು ಬಂತು. ಮೊದಲು ಮಂದವಾಗಿ, ಆಮೇಲೆ ತಗಡು ಉರುಳಿದ ಹಾಗೆ. ಆಮೇಲೆ ಕೂಗು.

ಕೆಂಪು ಬಾವುಟ ಎತ್ತಿಸಿದೆ. ಮೂರನೇ ನಂಬರು ಶುರುವಿನ ಗೆರೆಯಲ್ಲಿ ನಿಂತಿತು, ಹಿಂದಿನ ನಾಲ್ಕು ಮೊದಲ ತಿರುವಿನಲ್ಲೇ ನಿಂತವು. ಜನ ಹಗ್ಗ ಕಿತ್ತು ಹುಣಸೆ ಮರದ ಕಡೆ ಓಡಿದರು. ಅಲ್ಲಿಂದ ಹಗ್ಗದವನು ಈ ಕಡೆ ಓಡಿಬಂದ. ಅವನ ಅಂಗಿಯ ತೋಳು ಇರಲಿಲ್ಲ.

"ಹಾಲಿನ ಗೌಡ್ರಿಗೆ ಹೊಡೀತು! ಕಾಲು ಅಪ್ಪಚ್ಚಿ! ಡ್ರೈವರ್ನ ಎಳ್ದಾಕ್ಬಿಟ್ಟವ್ರೆ, ಸೈಜುಗಲ್ಲಲ್ಲಿ ಹೊಡೀತಾವ್ರೆ ಸಾರ್, ಸಾಯಿಸ್ಬಿಡ್ತಾರೆ!"

ಅವನು ಹೇಳಿ ಮುಗಿಸುವಷ್ಟರಲ್ಲಿ ಮರದ ಮೇಲಿನಿಂದ ಕಪ್ಪು ಹೊಗೆ ಎದ್ದಿತು. ಕಾರಿಗೆ ಬೆಂಕಿ ಇಟ್ಟಿದ್ದರು. ಡ್ರೈವರನ್ನು ಅದರ ಹತ್ತಿರಕ್ಕೆ ಕಾಲು ಹಿಡಿದು ಎಳೆಯುತ್ತಿದ್ದರಂತೆ.

ಕಾರ್ಯದರ್ಶಿಗಳು ಅಟ್ಟಣೆ ಹತ್ತಿ ಬಂದರು. ಮೈಕನ್ನು ಹಿಡಿದುಕೊಂಡರು.

"ಬ್ರೇಕ್ ಫೇಲಾಯ್ತು ಅಂತ ಹೇಳು. ಡ್ರೈವರ್ ಕಂಟ್ರೋಲ್ ತಪ್ಪಿದ, ಪೊಲೀಸ್ ಬರ್ತಿದಾರೆ, ಎಲ್ಲಾರೂ ಸಮಾಧಾನವಾಗಿರಿ ಅಂತ ಹೇಳು."

"ಹಾಗಂದ್ರೆ ಅವನನ್ನ ಮುಗಿಸೇಬಿಡ್ತಾರೆ ಸಾರ್."

"ಇಲ್ದಿದ್ರೆ ನಿನ್ನ ಮುಗಿಸ್ತಾರೆ! ನನ್ನನ್ನೂ!"

ಅವರು ಕೆಟ್ಟವರಲ್ಲ. ಹೆದರಿದ್ದರು, ಅಷ್ಟೆ. ನಾನೂ ಹೆದರಿದ್ದೆ. ಹುಣಸೆ ಮರದ ಸ್ಪೀಕರು ಇನ್ನೂ ಬದುಕಿತ್ತು. ತಂತಿ ಯಾರೂ ಕಿತ್ತಿರಲಿಲ್ಲ. ನಾನು ಏನು ಹೇಳಿದರೂ ಆ ಜನರ ತಲೆಯ ಮೇಲೇ ಬೀಳುತ್ತದೆ. ಅಲ್ಲಿ ಅಂಗಾತ ಬಿದ್ದವನು ಮಾವನ ಮುಂದೆ ನಾಲ್ಕು ಸಲ ಹೆಚ್ಚು ಕೂಗು ಎಂದಿದ್ದ. ಕೂಗಿಯೂ ಇದ್ದೆ.

ಕಾರ್ಯದರ್ಶಿಗಳ ಕೈಯನ್ನು ಮೈಕಿನಿಂದ ಬಿಡಿಸಿದೆ.

"ಹೊಡೀಬೇಡಿ. ಮೈಕಿಂದ ಹೇಳ್ತಿದೀನಿ, ಕೇಳಿ. ಡ್ರೈವರ್ದು ತಪ್ಪಲ್ಲ. ತಿರುವು ಖಾಲಿ ಅಂದೋನು ನಾನು. ನನಗೆ ಆ ತಿರುವು ಕಾಣೋದೇ ಇಲ್ಲ. ಬೆಳಗ್ಗೆಯಿಂದ ಒಂದ್ಸಲಾನೂ ಕಂಡಿಲ್ಲ. ವಾಚ್ ನೋಡ್ಕೊಂಡು ಸುಳ್ಳು ಹೇಳ್ದೆ. ಗೌಡ್ರು ನನ್ ಮಾತು ನಂಬಿ ದಾಟಿದ್ರು. ಅವನನ್ನ ಬಿಡಿ. ನಾನು ಇಲ್ಲೇ ಇದೀನಿ."

ಎರಡು ಸಲ ಹೇಳಿದೆ. ಮೂರನೇ ಸಲ ಹೇಳುವಾಗ ಕೂಗು ಹತ್ತಿರ ಬರುವುದು ಕೇಳಿಸಿತು.

ಮೊದಲು ಬಂದದ್ದು ಕಲ್ಲು. ಒಂದು ಕಾರ್ಯದರ್ಶಿಗಳ ಹಣೆಗೆ ಬಿತ್ತು. ಅವರು ಹಿಂದಿನಿಂದ ಇಳಿದು ಹೋದರು. ಆಮೇಲೆ ಜನ ಬಂದರು. ಕಂಬ ಹಿಡಿದು ಅಲ್ಲಾಡಿಸಿದರು. ಒಬ್ಬ ಕುಡುಗೋಲಿನಲ್ಲಿ ತೆಂಗಿನ ಹಗ್ಗ ಕೊಯ್ದ. ಅಟ್ಟಣೆ ಒಂದು ಕಡೆಗೆ ಬಾಗಿ, ನಿಂತು, ಮತ್ತೆ ಬಾಗಿ, ನನ್ನನ್ನು ಸ್ಟೂಲಿನ ಸಮೇತ ನೆಲಕ್ಕೆ ಹಾಕಿತು. ಕೆಳಗೆ ಯಜಮಾನರು ಆಂಪ್ಲಿಫೈಯರನ್ನು ಮಗುವಿನ ಹಾಗೆ ಅಪ್ಪಿಕೊಂಡು ಕೂತಿದ್ದರು.

"ಇದನ್ನ ಬಿಟ್ಬಿಡ್ರಪ್ಪೋ! ಒಳಗೆ ವಾಲ್ವ್ ಇದೆ! ಹೊಡೆಯೋದಿದ್ರೆ ಅವನಿಗೆ ಹೊಡೀರಿ!"

ಎರಡನ್ನೂ ಹೊಡೆದರು. ಗಾಜು ಪಟಪಟ ಒಡೆಯುವುದು ಕೇಳಿಸಿತು. ಬೆನ್ನಿಗೆ ಕಾಲುಗಳು, ಪಕ್ಕೆಗೆ ಕಾಲುಗಳು. ಬಾಯಲ್ಲಿ ಮಣ್ಣು. "ಖಾಲಿ ಅಂತೀಯಾ? ಖಾಲಿ ಅಂತೀಯಾ?" ಎಂದು ಒಬ್ಬ ಪ್ರತಿ ಏಟಿಗೂ ಕೇಳುತ್ತಿದ್ದ. ತಲೆ ಎತ್ತಿದಾಗ ಅವನ ಕೈಯಲ್ಲಿ ಸರ್ವೆ ಕಂಬದ ತುಂಡು ಕಂಡಿತು. ಅದು ಬಂದದ್ದು ಕಂಡಿತು. ತಾಗಿದ್ದು ಗೊತ್ತಾಗಲಿಲ್ಲ, ಹಲ್ಲುಗಳು ನಾಲಿಗೆಯ ಮೇಲೆ ಉದುರಿದ್ದು ಗೊತ್ತಾಯಿತು. ಆಮೇಲೆ ಪೊಲೀಸರ ಲಾಠಿ ಎಲ್ಲರ ಮೇಲೂ ಬಿತ್ತು, ನನ್ನ ಮೇಲೂ.

ಆಸ್ಪತ್ರೆಯಲ್ಲಿ ನಮ್ಮ ಮೂವರನ್ನೂ ಒಂದೇ ವಾರ್ಡಿಗೆ ಹಾಕಿದರು. ಒಂದು ತುದಿಗೆ ನಾನು, ಮೇಲಿನ ಕೆಳಗಿನ ಹಲ್ಲುಗಳನ್ನು ತಂತಿಯಿಂದ ಬಿಗಿಸಿಕೊಂಡು. ನಡುವೆ ಡ್ರೈವರು, ಮೂರು ಪಕ್ಕೆಲುಬು ಮುರಿದು, ಒಂದು ಕಣ್ಣು ಮುಚ್ಚಿಹೋಗಿ. ಅವನ ಆಚೆ ಗೌಡರು. ಅವರ ಎಡಗಾಲನ್ನು ಮೊಣಕಾಲ ಕೆಳಗೆ ತೆಗೆದಿದ್ದರು. ಪ್ರಾಣ ಉಳಿದಿತ್ತು, ಮೂವರದೂ.

ಜನ ತನ್ನನ್ನು ಬೆಂಕಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಬಿಟ್ಟು ಓಡಿದರು ಎಂದು ಡ್ರೈವರು ಹೇಳಿದ. ಗೌಡರಿಗೆ ಗುದ್ದಿದಾಗ ಕ್ಯಾನು ಒಡೆದು ಗಾಜಿನ ತುಂಬ ಹಾಲು, ಎದುರಿಗೆ ಏನೂ ಕಾಣದೆ ಮರಳಿನ ಚೀಲಕ್ಕೆ ನುಗ್ಗಿಸಿದನಂತೆ. ದಿನಾ ಬೆಳಗ್ಗೆ ನನ್ನ ಗಂಜಿಯ ಲೋಟ ಅವನೇ ಹಿಡಿಯುತ್ತಿದ್ದ. "ನೀನು ಬಾಯಿ ಬಿಟ್ಟಿದ್ದಕ್ಕೆ ನಾನು ಉಳ್ಕಂಡೆ ಗುರು," ಎನ್ನುತ್ತಿದ್ದ. ಅದನ್ನು ಕೇಳಿಸಿಕೊಂಡು ಮಲಗುವುದು ದವಡೆಗಿಂತ ಕಷ್ಟವಾಯಿತು.

ಐದನೇ ದಿನ ಕಾಗದ ತರಿಸಿಕೊಂಡು ಬರೆದೆ. ಗೌಡರಿಗೆ ಓದಲು ಬರುತ್ತಿರಲಿಲ್ಲ. ಡ್ರೈವರು ಇಸಿದುಕೊಂಡು ಒಂದೇ ಕಣ್ಣಿನಲ್ಲಿ ಜೋರಾಗಿ ಓದಿದ.

"'ಮೂರನೇ ನಂಬರು ಒಂಟಿಯಾಗಿ ಬಂದಾಗಲೇ ನನಗೆ ಗೊತ್ತಾಯಿತು. ಏಳು ಒಳಗಿದೆ ಅಂತ ಗೊತ್ತಾಯಿತು. ಕೂಗಿದ್ದರೆ ಹಗ್ಗದವನು ನಿಮ್ಮನ್ನು ಎಳೆದುಕೊಳ್ಳುತ್ತಿದ್ದ. ನಾನು ಕೂಗಲಿಲ್ಲ. ಮಾನ ಉಳಿಸಿಕೊಳ್ಳುವುದಕ್ಕೆ ಕಾಫಿಯ ತಮಾಷೆ ಮಾಡಿದೆ. ಇದನ್ನು ಮೈಕಿನಲ್ಲಿ ಹೇಳಲಿಲ್ಲ.'"

ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅವನ ದನಿ ಇಳಿದಿತ್ತು. ಕಾಗದವನ್ನು ಮಂಚದ ಮೇಲಿಟ್ಟು, ಪಕ್ಕೆ ಹಿಡಿದುಕೊಂಡು ಎದ್ದು, ನನ್ನ ಹತ್ತಿರ ಬಂದು ಕೈ ಎತ್ತಿದ. ನಾನು ಕಣ್ಣು ಮುಚ್ಚಲಿಲ್ಲ.

"ಬಿಡಪ್ಪ," ಎಂದರು ಗೌಡರು ಆ ಕಡೆಯಿಂದ. "ಆ ದವಡೆ ಆಗ್ಲೇ ಮುರಿದೋಗೈತೆ."

ಡ್ರೈವರು ಕೈ ಇಳಿಸಿ, ತನ್ನ ಮಂಚಕ್ಕೆ ಹೋಗಿ, ಗೋಡೆಯ ಕಡೆ ತಿರುಗಿ ಮಲಗಿದ. ಆಮೇಲೆ ನನ್ನ ಲೋಟ ಹಿಡಿಯಲಿಲ್ಲ.

ಗೌಡರು ಸೂರು ನೋಡಿಕೊಂಡೇ ಮಾತಾಡಿದರು.

"ಆ ಕಾಫಿ ಮಾತಿಗೆ ನಾನೂ ನಕ್ಕೆ ಕಣಪ್ಪ. ಸೈಕಲ್ ಹಿಡ್ಕಂಡು ರಸ್ತೆ ಮಧ್ಯ ನಿಂತು ನಕ್ಕೆ. ನಿಲ್ದೆ ಹೋಗಿದ್ರೆ ದಾಟ್ಬಿಡ್ತಿದ್ನೋ ಏನೋ." ನನ್ನ ಕಡೆ ತಿರುಗಿದರು. "ನಂಗೆ ಕಾಣ್ತಿಲ್ಲ ಅಂತ ಒಂದ್ ಮಾತು ಅಂದಿದ್ರೆ ಸಾಕಿತ್ತಲ್ಲ. ನಾನು ಹಗ್ಗದ ಹಿಂದೆ ನಿಂತ್ಕಂತಿದ್ದೆ. ನನಗೇನ್ ಅವಸರ ಇತ್ತು?"

 

ದವಡೆ ಸ್ವಲ್ಪ ಸೊಟ್ಟಗೆ ಕೂಡಿಕೊಂಡಿದೆ. ಆ ಬೀದಿಗಳಲ್ಲಿ ಈಗ ಮನೆಗಳಾಗಿವೆ, ಹುಣಸೆ ಮರ ಕಡಿದಿದ್ದಾರೆ. ಗೌಡರು ಮರದ ಕಾಲು ಹಾಕಿಕೊಂಡು ಮನೆಯ ಜಗಲಿಯಲ್ಲೇ ಹಾಲು ಅಳೆಯುತ್ತಾರೆ. ನನ್ನನ್ನು ಕಂಡರೆ ಮಾತಾಡಿಸುತ್ತಾರೆ, ಒಳಗೆ ಕರೆಯುವುದಿಲ್ಲ. ನಾನು ಕಾಮೆಂಟ್ರಿ ಬಿಟ್ಟಿಲ್ಲ. ಊರಾಚೆಯ ಹಳೇ ವಿಮಾನ ನಿಲ್ದಾಣದ ರೇಸುಗಳಿಗೆ ಈಗಲೂ ಕರೆಯುತ್ತಾರೆ. ಕಾರು ಮರೆಯಾದ ಕೂಡಲೆ "ಈಗ ನನಗೆ ಕಾಣುತ್ತಿಲ್ಲ" ಎಂದು ಹೇಳಿ ಸುಮ್ಮನಾಗುತ್ತೇನೆ. ಸ್ಪೀಕರಿನಲ್ಲಿ ಬರೀ ಗೊರಗೊರ ಸದ್ದು. ಜನ ಸೀಟಿ ಹೊಡೆಯುತ್ತಾರೆ. "ಏನಯ್ಯ, ನಿದ್ದೆ ಬಂತಾ?" ಎಂದು ಕೂಗುತ್ತಾರೆ. ಸಂಘಟಕರು ಕೆಳಗಿನಿಂದ ಕೈಬಾಯಿ ಆಡಿಸುತ್ತಾರೆ. ಕಾರು ಮತ್ತೆ ಕಣ್ಣಿಗೆ ಬೀಳುವವರೆಗೆ ನಾನು ಬಾಯಿ ತೆರೆಯುವುದಿಲ್ಲ.

ಇದನ್ನು ಓದುತ್ತಿರುವವರಲ್ಲಿ ಇನ್ನೊಬ್ಬರ ಮಾತು ನಂಬಿ ರಸ್ತೆ ದಾಟಿದವರು ಇರಬಹುದು. ನನ್ನ ಹಾಗೆ ಕಾಣದೆ "ಖಾಲಿ" ಎಂದವರೂ ಇರಬಹುದು, ರೈಲ್ವೆ ಗೇಟಿನಲ್ಲೋ, ಕಾರ್ಖಾನೆಯಲ್ಲೋ, ಬಸ್ಸಿನ ಹಿಂದೆ ನಿಂತು "ರೈಟ್" ಹೇಳುವಾಗಲೋ. ಏನೂ ಆಗದೆ ತಪ್ಪಿಸಿಕೊಂಡಿದ್ದರೂ ಸರಿ, ಬರೆದು ಕಳಿಸಿ. ನೀವು ನೋಡಿದ್ದನ್ನು ನೋಡಿದೆ ಅಂತ, ನೋಡದ್ದನ್ನು ನೋಡಿಲ್ಲ ಅಂತ ಬರೆಯಿರಿ, ಅಷ್ಟೇ ಸಾಕು.